ಅಮ್ಮನವರ ಕುರ್ಚಿ

ಗುಂಡಿ ಬಿದ್ದುಹೋದ ಜಾಗದ ದಾರವನ್ನು ಬೆಳಕಿಗೆ ಹಿಡಿದು ನೋಡಿದಾಗಲೇ ವೀಣಾಳಿಗೆ ಅನುಮಾನ ಬಂದದ್ದು. ಸವೆದು ಕಿತ್ತುಹೋದ ದಾರ ನಾರುನಾರಾಗಿರುತ್ತದೆ. ಇದು ಬ್ಲೇಡಿನಲ್ಲಿ ಕೊಯ್ದ ಹಾಗೆ ನೀಟಾಗಿತ್ತು.

"ಮತ್ತೆ ಹೋಯ್ತಾ ಅಯ್ಯನವರೇ?"

"ಹೋಯ್ತು ನೋಡಿ," ಎಂದರು ಚರ್ಚಿನ ಪಾದ್ರಿ ಸುದೀಪ್ ಅಯ್ಯನವರು, ಗೋಡೆಯ ಕ್ಯಾಲೆಂಡರ್ ನೋಡುತ್ತ. "ಹಳೇ ಬಟ್ಟೆ."

"ಈ ನಿಲುವಂಗಿ ಹಳೇದಾ? ಕ್ರಿಸ್ಮಸ್‌ಗೆ ನಾನೇ ಹೊಲಿದು ಕೊಟ್ಟದ್ದು."

ಅವರು ಕೆಮ್ಮಿದರು. ಎಂದಿನಂತೆ ಚಪ್ಪಲಿ ಹಾಕಿಕೊಂಡೇ ಅಂಗಡಿಯ ಹೊಸ್ತಿಲಲ್ಲಿ ನಿಂತಿದ್ದರು. ಒಳಗೆ ಬನ್ನಿ ಎಂದರೆ ಬರುವವರಲ್ಲ, ಹೋಗಿ ಎಂದರೆ ಹೋಗುವವರೂ ಅಲ್ಲ.

"ಬರೋ ಭಾನುವಾರ ಆರಾಧನೆಯಲ್ಲಿ ಪ್ರಸಂಗ ನೀವು ಮಾಡಬೇಕು," ಎಂದರು.

ಸೂಜಿ ಬೆರಳಿಗೆ ಚುಚ್ಚಿತು. "ನಾನಾ? ಪೀಠ ಹತ್ತಿ?"

"ಹತ್ತದೆ ಬೇಕಾದ್ರೂ ಮಾಡಿ. ಮಾಡಿ ಅಷ್ಟೇ."

ಅವರು ಹೋದ ಮೇಲೆ ಪಕ್ಕದ ಫ್ಯಾನ್ಸಿ ಸ್ಟೋರಿನ ಯಮುನ ಇಣುಕಿದಳು. "ಎಂತ ಮಾರಾಯ್ತಿ, ನಿಮ್ಮ ಅಯ್ಯನವರ ಅಂಗಿಗೆ ಗುಂಡಿ ನಿಲ್ಲುದೇ ಇಲ್ವಾ? ಅಮ್ಮತ್ತಿ ಪೇಟೆಯಲ್ಲಿ ಬೇರೆ ಟೈಲರ್ ಇಲ್ವಾ?"

"ಸುಮ್ನಿರು ಯಮುನ."

"ನಾನು ಸುಮ್ನಿದ್ದೇನೆ. ಪೇಟೆ ಸುಮ್ನಿರ್ಬೇಕಲ್ಲ!"

ವೀಣಾಳಿಗೆ ನಗು ಬರಲಿಲ್ಲ. ಗುಂಡಿಗಿಂತ ದೊಡ್ಡ ಅನುಮಾನವೊಂದು ಅವಳನ್ನು ಕೊರೆಯುತ್ತಿತ್ತು.

ಹೆಂಡತಿಯನ್ನು ಕಳೆದುಕೊಂಡು ಒಂಟಿಯಾಗಿ ಈ ಊರಿನ ಕ್ರೈಸ್ತ ಸಭೆಗೆ ಬಂದಿದ್ದ ಸುದೀಪ್ ಅಯ್ಯನವರು, ಬಂದಾಗಿನಿಂದ ತಮ್ಮ ಕೆಲಸಗಳನ್ನೆಲ್ಲ ಒಂದೊಂದಾಗಿ ಹಂಚುತ್ತಿದ್ದರು. ಆಸ್ಪತ್ರೆಗೆ ಹೋಗಿ ಪ್ರಾರ್ಥಿಸುವುದು ಜೀಪ್ ಓಡಿಸುವವರ ಪಾಲಿಗೆ. ತಿತಿಮತಿಯ ಕಡೆ ಎಸ್ಟೇಟ್ ಕೂಲಿಯವರ ಲೈನ್‌ಮನೆಗಳಲ್ಲಿ ಪ್ರಾರ್ಥನೆಯ ಮನೆಕೂಟ ನಡೆಸುವುದು ವೀಣಾ ಮತ್ತು ಕಾಫಿ ಪಿಕ್ಕಿಂಗಿಗೆ ಹೋಗುವ ಪಾಪಕ್ಕನ ಪಾಲಿಗೆ. ಮೊದಲು ಜೊತೆಗೆ ಬಂದು ಹೇಗೆಂದು ತೋರಿಸುತ್ತಿದ್ದರು, ಆಮೇಲೆ ಹಿಂದೆ ಕೂತು ಕೇಳುತ್ತಿದ್ದರು, ಈಗೀಗ ಬರುವುದನ್ನೇ ಬಿಟ್ಟಿದ್ದರು.

"ಸಂಬಳ ಅವರಿಗೆ, ಪ್ರಸಂಗ ನಿನಗಾ ವೀಣಾ?" ಎಂದು ಸಭೆಯ ಕಾರ್ಯದರ್ಶಿ ದೇವರಾಜಣ್ಣ ಅವಳನ್ನು ತಡೆದು ನಿಲ್ಲಿಸಿ ಕೇಳಿದ್ದ. ಅಯ್ಯನವರಿಗೂ ಎದುರಿಗೇ ಹೇಳಿದ್ದ. ಅವರು ನಕ್ಕು, "ನಾನೊಬ್ಬನೇ ಎಷ್ಟು ಮನೆ ತಲುಪ್ತೇನೆ ದೇವರಾಜಣ್ಣ? ಪಾಪಕ್ಕ ದಿನಾ ಆ ಜನರ ಪಕ್ಕದಲ್ಲೇ ಹಣ್ಣು ಕೊಯ್ತಾರೆ. ಅವರ ಮಾತು ಹೋದಲ್ಲಿಗೆ ನನ್ನ ಅಂಗಿ ಹೋಗಲ್ಲ," ಎಂದಿದ್ದರು.

ದೇವರಾಜಣ್ಣನಿಗೆ ಅದು ಸೋಮಾರಿತನ. ವೀಣಾಳಿಗೆ ಬೇರೆಯೇ ಭಯ.

ಅವಳ ಗಂಡ ಸತೀಶ್ ಕೂಡ ಹೀಗೇ ಕಲಿಸಿದ್ದ. ಇದ್ದಕ್ಕಿದ್ದ ಹಾಗೆ ಸ್ಕೂಟರ್ ಓಡಿಸುವುದನ್ನು ಕಲಿಸಿದ, ಬ್ಯಾಂಕಿಗೆ ಕರೆದುಕೊಂಡು ಹೋದ, ಪಂಪ್‌ಸೆಟ್ಟಿನ ಫ್ಯೂಸ್ ಹಾಕುವುದನ್ನು ತೋರಿಸಿದ. ಎಂಥಾ ಗಂಡ ಎಂದು ಎಲ್ಲರೂ ಹೊಗಳಿದರು. ತನ್ನ ಕಾಯಿಲೆಯೊಂದನ್ನು ಮಾತ್ರ ಅವನು ಹೇಳಿರಲಿಲ್ಲ. ಅವನನ್ನು ಮಣ್ಣು ಮಾಡಿ ಮನೆಗೆ ಬಂದ ಮೇಲೆ ಅವಳಿಗೆ ಆ ಪಾಠಗಳೆಲ್ಲ ಯಾತಕ್ಕೆಂದು ತಿಳಿಯಿತು. ಅಂದಿನಿಂದ, ಯಾರಾದರೂ ಮುತುವರ್ಜಿಯಿಂದ ಏನನ್ನಾದರೂ ಕಲಿಸಿದರೆ, ಹೊರಡಲು ಮೆಟ್ಟಿ ನಿಂತಿದ್ದಾರೋ ಎಂದು ಅವಳ ಕಣ್ಣು ಅವರ ಚಪ್ಪಲಿಯ ಕಡೆಗೆ ಹೋಗುತ್ತದೆ.

ಈಗ ಮಾರ್ಚ್. ಪಿಕ್ಕಿಂಗ್ ಮುಗಿದು ಕಾಫಿ ಗಿಡಗಳೆಲ್ಲ ಬೆಳ್ಳಗೆ ಹೂಬಿಟ್ಟಿದ್ದವು. ಮೇ ತಿಂಗಳಲ್ಲಿ ಅಯ್ಯನವರುಗಳಿಗೆ ಟ್ರಾನ್ಸ್‌ಫರ್ ಬರುತ್ತದೆ. ಇವರಿಗೆ ಅದು ಮೊದಲೇ ಗೊತ್ತಿದೆ, ಹೇಳುತ್ತಿಲ್ಲ. ಇಲ್ಲದಿದ್ದರೆ ಇಷ್ಟು ಅವಸರ ಯಾಕೆ?

ಆ ಗುರುವಾರ ಸ್ತ್ರೀಕೂಟದಲ್ಲಿ ಅವಳ ಅನುಮಾನ ಗಟ್ಟಿಯಾಯಿತು.

ಅಯ್ಯನವರಾಗಿ ಬಂದವರ ಹೆಂಡತಿಯನ್ನು ಎಲ್ಲರೂ ಅಮ್ಮನವರು ಎನ್ನುತ್ತಿದ್ದರು. ಅಮ್ಮನವರು ಯಾರೇ ಆಗಲಿ, ಸ್ತ್ರೀಕೂಟಕ್ಕೆ ಅವರೇ ಅಧ್ಯಕ್ಷೆ. ಅದು ಹಿಂದಿನಿಂದ ಬಂದ ಪದ್ಧತಿ. ಅವರಿಗೆಂದೇ ಬೆತ್ತದ ಕುರ್ಚಿಯೊಂದು ಇತ್ತು. ಸುದೀಪ್ ಅಯ್ಯನವರು ಬಂದಾಗಿನಿಂದ ಅದು ಖಾಲಿ. ಗುಡಿಸುವಾಗ ಅದನ್ನು ಆಚೀಚೆ ಸರಿಸುತ್ತ ಹೆಂಗಸರು ವೀಣಾಳನ್ನು ನೋಡಿ ಕೆಮ್ಮುತ್ತಿದ್ದರು. "ಧೂಳು ಒರೆಸಿಡು ವೀಣಾ, ಯಾವಾಗ ಬೇಕಾಗ್ತದೋ ಏನೋ!" ಅವಳು ಬೈಯುತ್ತಲೇ ಒರೆಸುತ್ತಿದ್ದಳು. ಆ ಒರೆಸುವುದರಲ್ಲಿ ಒಂದು ಆಸೆ ಇತ್ತೆಂದು ಅವಳೊಬ್ಬಳಿಗೇ ಗೊತ್ತು.

ಗುರುವಾರ ಅಯ್ಯನವರು ಬಂದು, "ಇನ್ನು ಮೇಲೆ ಅಧ್ಯಕ್ಷೆಯನ್ನು ನೀವೇ ಆರಿಸಿ," ಎಂದರು. "ನನ್ನನ್ನು ಕೇಳಿದ್ರೆ ಪಾಪಕ್ಕ."

"ಅಯ್ಯೋ, ನಂಗೆ ಓದೋಕೆ ಬರಲ್ಲ," ಎಂದಳು ಪಾಪಕ್ಕ. "ಹಾಡೋಕೆ ಬರ್ತದೆ. ಜಗಳ ಬಿಡಿಸೋಕೆ ಬರ್ತದೆ. ಸಾಕಾ?"

"ಅದೇ ಬೇಕಾಗಿರೋದು!" ಎಂದು ಎಲ್ಲರೂ ಕೈ ಎತ್ತಿದರು. ಪಾಪಕ್ಕ ಹೆದರುತ್ತ ಕುರ್ಚಿಯ ತುದಿಯಲ್ಲಿ ಕೂತಳು. ವೀಣಾಳೂ ಚಪ್ಪಾಳೆ ತಟ್ಟಿದಳು. ಪಾಪಕ್ಕನ ಮೇಲೆ ಅವಳಿಗೆ ಒಂದಿಷ್ಟೂ ಸಿಟ್ಟಿರಲಿಲ್ಲ. ಮನೆಗೆ ಬಂದು ಮಾತ್ರ ಊಟ ಮಾಡಲಿಲ್ಲ. ಆ ಕುರ್ಚಿಗೆ ಇನ್ನು ಯಾರೂ ಬರುವುದಿಲ್ಲ ಎಂದು ತಾನೇ ಇದರ ಅರ್ಥ? ಒಂದು ಮಾತನ್ನೂ ಆಡದೆ ಎಷ್ಟು ಚೆನ್ನಾಗಿ ಹೇಳಿಬಿಟ್ಟರು.

ಭಾನುವಾರ ಅವಳು ಪೀಠ ಹತ್ತಲಿಲ್ಲ. ಮುಂದಿನ ಬೆಂಚಿನ ಹತ್ತಿರ ನಿಂತಳು. ಅಯ್ಯನವರು ಎಲ್ಲರಿಗಿಂತ ಹಿಂದೆ, ಬಾಗಿಲ ಪಕ್ಕ ಕೂತಿದ್ದರು. ಹೊರಟು ಹೋಗಲು ಸುಲಭದ ಜಾಗ, ಎಂದುಕೊಂಡಳು.

ಬರೆದುಕೊಂಡಿದ್ದದ್ದು ಮರೆತೇಹೋಯಿತು. ಬಾಯಿಗೆ ಬಂದದ್ದು ಸತೀಶನ ವಿಷಯ.

"ನನಗೆ ಸ್ಕೂಟರ್ ಕಲಿಸಿದವರು ಹೇಳದೆ ಹೋಗಿಬಿಟ್ಟರು. ಕಲಿಸುವವರನ್ನು ಕಂಡರೆ ನನಗೆ ಇವತ್ತಿಗೂ ಭಯ," ಎಂದಳು. "ಆದರೆ ಅದೇ ಸ್ಕೂಟರಿನಲ್ಲಿ ನಾನೀಗ ಲೈನ್‌ಮನೆಗಳಿಗೆ ಹೋಗುತ್ತೇನೆ. ಹಿಂದೆ ಪಾಪಕ್ಕ ಕೂತು ಹಾಡುತ್ತಾಳೆ. ಕಲಿಸಿದವರು ಹೋದರೂ ಕಲಿತದ್ದು ಹೋಗಲಿಲ್ಲ. ದೇವರು ನನ್ನ ಕೈಗೂ ಕೆಲಸ ಕೊಟ್ಟಿದ್ದಾನೆ ಎಂದು ನನಗೆ ಗೊತ್ತಾದದ್ದು ಹಾಗೆ."

ದೇವರಾಜಣ್ಣ ಕರ್ಚೀಫು ತೆಗೆದು ಮೂಗು ಒರೆಸಿಕೊಂಡ. ಅಯ್ಯನವರು ತಲೆ ಎತ್ತಲಿಲ್ಲ.

ಮರುದಿನ ಮಧ್ಯಾಹ್ನ ಅವರು ಅಂಗಡಿಯ ಹೊಸ್ತಿಲಲ್ಲಿದ್ದರು, ಕೈಯಲ್ಲಿ ನಿಲುವಂಗಿ.

"ಇನ್ನೊಂದು ಗುಂಡಿಯಾ?" ವೀಣಾ ಮೆಷಿನ್ ನಿಲ್ಲಿಸಲಿಲ್ಲ.

"ನಾನು ಹೋಗ್ತಾ ಇದ್ದೇನೆ ಅಂದ್ಕೊಂಡಿದ್ದೀರಾ?"

"ಮೇ ದೂರ ಇಲ್ಲ."

"ಟ್ರಾನ್ಸ್‌ಫರ್ ಬರಲ್ಲ ಅಂತ ಸುಳ್ಳು ಹೇಳಲ್ಲ. ಯಾವತ್ತಾದ್ರೂ ಬರಬಹುದು. ಆದ್ರೆ ನಾನಾಗಿ ಕೇಳಿಕೊಂಡಿಲ್ಲ. ಬಂದಿದ್ರೆ ನಿಮಗೆ ಮೊದಲು ಹೇಳ್ತಿದ್ದೆ."

ಮೆಷಿನ್ ನಿಂತಿತು. "ಮತ್ತೆ ಎಲ್ಲಾ ಯಾಕೆ ಹಂಚಿಬಿಟ್ರಿ? ಆ ಕುರ್ಚಿ ಸಮೇತ?"

ಅವರು ನಿಲುವಂಗಿಯ ಮಡಿಕೆ ಬಿಡಿಸಿ ಮತ್ತೆ ಮಡಿಸಿದರು.

"ಕೆಲಸ ಹಂಚಿದ್ದು ಸಭೆಗೋಸ್ಕರ. ಅದು ನನ್ನೊಬ್ಬನದ್ದು ಅಲ್ಲವೇ ಅಲ್ಲ. ಕುರ್ಚಿ..." ಎಂದು ನಿಲ್ಲಿಸಿದರು. "ನನ್ನ ಹೆಂಡತಿ ರಂಜಿತಾಗೆ ನಾಲ್ಕು ಜನರ ಎದುರು ಮಾತಾಡೋಕೆ ಬರ್ತಿರಲಿಲ್ಲ. ಗಿಡ ನೆಡೋದು ಅವಳ ಇಷ್ಟ. ಹೋದ ಊರಲ್ಲೆಲ್ಲ ಅವಳನ್ನ ಅಂಥದೇ ಕುರ್ಚಿಯಲ್ಲಿ ಕೂರಿಸಿದ್ರು. ನಾನೂ ಸುಮ್ಮನಿದ್ದೆ. ಒಂದಿನ ಕೇಳಿದ್ಲು, 'ನನ್ನನ್ನ ಮದುವೆಯಾದದ್ದು ನೀವಾ, ಸಭೆಯಾ?' ಅಂತ."

ವೀಣಾ ಕತ್ತಿನಲ್ಲಿದ್ದ ಟೇಪನ್ನು ಬೆರಳಿಗೆ ಸುತ್ತಿಕೊಂಡಳು.

"ಈಗ ಆ ಕುರ್ಚಿಗೆ ಜನ ಇದ್ದಾರೆ. ಪ್ರಸಂಗಕ್ಕೂ ಜನ ಇದ್ದಾರೆ. ಇನ್ನು ನಮ್ಮ ಮನೆಗೆ ಬರೋರು ಯಾವುದನ್ನೂ ತುಂಬಿಸೋಕೆ ಬರಬೇಕಾಗಿಲ್ಲ." ಅವರ ಸ್ವರ ಇಳಿಯಿತು. "ನನಗೋಸ್ಕರ ಮಾತ್ರ ಬರಬಹುದು. ಇಷ್ಟೆಲ್ಲ ಆದ ಮೇಲೆ ನಿಮ್ಮನ್ನ ಕೇಳೋಣ ಅಂತ ಕಾದಿದ್ದೆ ವೀಣಾ."

ಕಿಟಕಿಯಿಂದ ಕಾಫಿ ಹೂವಿನ ಘಮ ಬಂತು. ಆದರೂ ಅವಳ ಅನುಮಾನ ಅಷ್ಟು ಬೇಗ ಸೋಲುವಂಥದ್ದಲ್ಲ.

"ಟ್ರಾನ್ಸ್‌ಫರ್ ಬಂದ್ರೆ? ಅಂಗಡಿ ಬಿಟ್ಟು ಬಾ ಅಂತೀರಾ?"

"ಅಂಗಡಿ ನಿಮ್ಮದು, ಲೈನ್‌ಮನೆ ಕೂಟ ನಿಮ್ಮದು. ಆವತ್ತು ಇಬ್ಬರೂ ಕೂತು ಮಾತಾಡೋಣ. ಹೇಳದೆ ಮಾತ್ರ ಹೋಗಲ್ಲ."

ಅವಳು ಅವರನ್ನೇ ನೋಡಿದಳು. ಆಮೇಲೆ ನಿಲುವಂಗಿ ಎಳೆದುಕೊಂಡು ದಾರದ ತುದಿ ತೋರಿಸಿದಳು. "ಇದನ್ನ ಯಾತರಲ್ಲಿ ಕೊಯ್ದಿರಿ?"

ಅಯ್ಯನವರ ಮುಖ ಕುತ್ತಿಗೆಯವರೆಗೂ ಕೆಂಪಾಯಿತು. "ಶೇವಿಂಗ್ ಬ್ಲೇಡು."

ಗೋಡೆಯಾಚೆ ಯಮುನ ಕಿಸಕ್ಕನೆ ನಕ್ಕದ್ದು ಕೇಳಿಸಿತು. ವೀಣಾ ತಡೆದುಕೊಂಡಿದ್ದ ನಗುವೂ ಹೊರಬಂತು.

"ಒಳ್ಳೇ ಬಟ್ಟೆ ಹಾಳು ಮಾಡಬೇಡಿ. ಬನ್ನಿ, ಗುಂಡಿ ಹಾಕೋದು ಕಲಿಸಿಕೊಡ್ತೇನೆ," ಎಂದು ಸೂಜಿಗೆ ದಾರ ಪೋಣಿಸಿ ಚಾಚಿದಳು.

ಅವರು ಸೂಜಿ ತೆಗೆದುಕೊಳ್ಳಲಿಲ್ಲ. ಈಗ ಅನುಮಾನದಿಂದ ನೋಡುವ ಸರದಿ ಅವರದು.

"ಕಲಿಸಿಬಿಟ್ಟು ನೀವು ಎಲ್ಲಿಗೂ ಹೋಗಲ್ಲ ತಾನೇ?"

"ಮೊದಲು ಚಪ್ಪಲಿ ಬಿಟ್ಟು ಒಳಗೆ ಬನ್ನಿ," ಎಂದಳು ವೀಣಾ.

ಅವರು ಚಪ್ಪಲಿ ಬಿಟ್ಟರು.