ಮಫ್ತಿಯವನಿಗೆ ಹೇಳಿದ ಮಾತು

“ಹರೀಬ್ಯಾಡ್ರಿ. ಮೊದಲ ಓದ್ರಿ, ಆಮೇಲೆ ಬೇಕಾದ್ರ ಹರೀರಿ.”

ನಾಗರತ್ನಾಳ ಕೈ ಅಲ್ಲೇ ನಿಂತಿತು. ಶಹಾಬಾದಿನ ವಾಚನಾಲಯಕ್ಕೆ ರಷ್ಯಾದಿಂದ ಬರುತ್ತಿದ್ದ ಬಣ್ಣದ ಪತ್ರಿಕೆಯನ್ನು ಊರಿನವರು ಶಾಲೆಯ ಪುಸ್ತಕಗಳಿಗೆ ಹೊದಿಕೆ ಹಾಕಲು ಒಯ್ಯುತ್ತಿದ್ದರು. ತಂಗಿಯ ಪುಸ್ತಕಕ್ಕೆಂದು ಅವಳೂ ಒಂದು ಹಾಳೆಯನ್ನು ಅರ್ಧ ಹರಿದಿದ್ದಳು.

ತಡೆದವನು ಕಾಶೀನಾಥ. ಕಲ್ಲಿನ ಗಣಿಯ ಕೂಲಿಯೊಬ್ಬನ ಮಗ. ಮ್ಯಾಟ್ರಿಕ್ ಮುಗಿಸಿ, ಸಂಜೆ ಹೊತ್ತು ಗಣಿಯ ಮಂದಿಗೆ ಪೇಪರ್ ಓದಿ ಹೇಳುವವನು.

“ಇದ್ರಾಗ ಓದೂದು ಏನದ್ರಿ?”

“ಮನಷ್ಯಾ ಆಕಾಶಕ್ಕ ಹೋಗಿ ಬಂದಾನ. ಕುಂದ್ರಿ, ಹೇಳ್ತೀನಿ.”

ಅವಳು ಕುಳಿತಳು... ಆಮೇಲೆ ವಾರವಾರವೂ ಕುಳಿತಳು.

ಎರಡು ವರ್ಷದಲ್ಲಿ ಇಬ್ಬರ ಮದುವೆಯ ವಿಷಯ ಮನೆಯವರೆಗೆ ಬಂತು. ಅವಳ ತಂದೆ ಗೊಲ್ಲಾಳಪ್ಪ ಅದೇ ಗಣಿಯ ಮೇಸ್ತ್ರಿ. ಬೇಡವೆನ್ನಲಿಲ್ಲ.

“ಹುಡುಗ ಛಲೋ ಇದ್ದಾನ. ಆದ್ರ ಆ ಕೆಂಪು ಬಾವುಟದವ್ರ ಸಂಗ ಬಿಡ್ಲಿ” ಎಂದರು, ಅಷ್ಟೇ.

ಅದು 1965. ಚೀನಾ ಯುದ್ಧದ ಗಾಯ ಇನ್ನೂ ಮಾಗಿರಲಿಲ್ಲ. ಕಮ್ಯುನಿಸ್ಟ್ ಎಂಬ ಮಾತು ಬಂದರೆ ಜನ ದನಿ ತಗ್ಗಿಸುತ್ತಿದ್ದ ಕಾಲ.

ಆ ವರ್ಷವೇ ಕಾಶೀನಾಥನಿಗೆ ಚಿತ್ತಾಪುರದ ಕಡೆಯ ಹಳ್ಳಿಯಲ್ಲಿ ಸರ್ಕಾರಿ ಮಾಸ್ತರಿಕೆ ಸಿಕ್ಕಿತು. ಹಾಜರಾದ ಮರುತಿಂಗಳೇ ಮದುವೆ ಎಂದು ಮಾತಾಯಿತು.

ಒಂದು ಮಧ್ಯಾಹ್ನ ನಾಗರತ್ನಾ ಒಬ್ಬಳೇ ಮನೆಯಲ್ಲಿದ್ದಾಗ, ಬಿಳಿ ಅಂಗಿಯ ಗೃಹಸ್ಥನೊಬ್ಬ ಬಂದು ನೀರು ಕೇಳಿದ. ಕಾಶೀನಾಥನ ನೌಕರಿಯ ವಿಚಾರಣೆಗೆ ಬಂದಿದ್ದೇನೆ ಎಂದ.

“ಹುಡುಗ ಹ್ಯಾಂಗದಾನವ್ವಾ? ಏನರ ಓದ್ತಾನೇನು?”

ಅವಳ ಎದೆ ಉಬ್ಬಿತು. “ಭಾಳ ಓದ್ತಾರ್ರಿ. ರಷ್ಯಾದ ಭಾಷಾನೂ ಕಲಿಲಿಕತ್ತಾರ. ಅಲ್ಲಿಂದ ಟಪಾಲಿನಾಗ ಪುಸ್ತಕ ಬರ್ತಾವ. ಗಣಿ ಮಂದಿಗೆಲ್ಲ ಕೂಡಿಸಿ ಓದಿ ಹೇಳ್ತಾರ.”

ಆತ ನಗುತ್ತಲೇ ಎಲ್ಲವನ್ನೂ ಬರೆದುಕೊಂಡ. ಬರೆದುಕೊಂಡದ್ದು ಒಳ್ಳೆಯದಕ್ಕೇ ಎಂದು ಅವಳು ತಿಳಿದಳು.

ಇಪ್ಪತ್ತು ದಿನಕ್ಕೆ ನೌಕರಿಯ ಆದೇಶ ರದ್ದಾಯಿತು. ಪೊಲೀಸ್ ವರದಿ ಸರಿಯಿಲ್ಲವಂತೆ.

ಕಾಶೀನಾಥ ನೇರವಾಗಿ ಗೊಲ್ಲಾಳಪ್ಪನವರ ಮುಂದೆ ಬಂದು ನಿಂತ.

“ಕೆಂಪು ಬಾವುಟ ಅಂತ ನೀವೇ ಅಂದಿದ್ರಿ. ಪೊಲೀಸರಿಗೂ ನೀವೇ ಹೇಳೀರಿ.”

“ನನ್ನ ಕೊರಳಾಗಿನ ಲಿಂಗದ ಆಣಿ, ನಾ ಯಾರ ಮುಂದೂ ಏನೂ ಹೇಳಿಲ್ಲೋ ತಮ್ಮಾ.”

ಅವನು ನಂಬಲಿಲ್ಲ.

ಬಾಗಿಲ ಹಿಂದೆ ನಿಂತಿದ್ದ ನಾಗರತ್ನಾಳಿಗೆ ನೀರು ಕೇಳಿದವನು ಮಫ್ತಿಯಲ್ಲಿದ್ದ ಪೊಲೀಸನೆಂದು ಆಗಲೇ ಹೊಳೆದಿತ್ತು. ಹೇಳಬೇಕು... ಈಗಲೇ ಹೇಳಬೇಕು... ನಾಲಿಗೆ ಮೇಲೇಳಲಿಲ್ಲ. ಅವನು ಹೊರಟುಹೋದ.

ವಾಡಿ ಜಂಕ್ಷನ್ನಿನಲ್ಲಿ ಅವನು ಹಮಾಲಿ ಮಾಡಲಿಕ್ಕೆ ಹತ್ತಿದ್ದಾನೆಂದು ಕೇಳಿದಳು. ಅವನಿಗೆ ಬರೆದ ಕಾಗದ ಹರಿದಳು, ಮತ್ತೆ ಬರೆದಳು. ಬಂದ ವರಗಳನ್ನೆಲ್ಲ ಬೇಡವೆಂದಳು. ತಂದೆ ಒಂದು ದಿನವೂ ಕಾರಣ ಕೇಳಲಿಲ್ಲ. ಊರಿಗೆ ಬಂದ ಕಾಶೀನಾಥ ದಾರಿಯಲ್ಲಿ ಮುಖ ತಿರುಗಿಸಿ ಹೋದ ದಿನ ಮಾತ್ರ ಅವರು ಊಟ ಬಿಡುತ್ತಿದ್ದರು.

ಐದನೆಯ ವರ್ಷ ಗೊಲ್ಲಾಳಪ್ಪ ತೀರಿಕೊಂಡರು. ಗಣಿಯ ಮಂದಿಯೆಲ್ಲ ಮಣ್ಣಿಗೆ ಬಂದರು. ಕಾಶೀನಾಥ ಬರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ನಾಗರತ್ನಾ ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಇಳಿದಳು. ಅವನ ತಲೆಯ ಮೇಲೆ ಟ್ರಂಕ್ ಇತ್ತು. ಅವನು ಅದನ್ನು ಇಳಿಸುವವರೆಗೆ ನಿಂತಿದ್ದು, ಹತ್ತಿರ ಹೋದಳು.

“ಅಪ್ಪಾರು ಹೇಳಿಲ್ರಿ. ಅವತ್ತ ಮನಿಗೆ ಬಂದವಗ ನಾ ಹೇಳಿದೆ.”

ಅವನಿಗೆ ಅರ್ಥವಾಗಲಿಲ್ಲ. ಅವಳು ಆ ಮಧ್ಯಾಹ್ನ ಆಡಿದ್ದ ಮಾತನ್ನೆಲ್ಲ ಒಂದೂ ಬಿಡದೆ ಹೇಳಿದಳು. “ಹೆಮ್ಮಿಲೇ ಹೇಳಿದೆ. ಎಲ್ಲಾ ಹಾಳಾತು.”

ಕಾಶೀನಾಥ ಕಲ್ಲು ಹಾಸಿನ ಮೇಲೆ ಕುಳಿತ.

“ಐದು ವರ್ಷ... ಆಣಿ ಮಾಡಿದ ಮನಷ್ಯಾಗ ಮಾರಿ ತಿರುವಿ ಹೋದೆ. ಮಣ್ಣಿಗೂ ಬರ್ಲಿಲ್ಲ. ಅವತ್ತೇ ಯಾಕ ಹೇಳ್ಲಿಲ್ಲ?”

“ಹೇಳಿದ್ರ ನೀವು ನನ್ನ ಬಿಡ್ತೀರಿ ಅಂತ ಅಂಜಿದೆ.”

“ಹೇಳದಿದ್ರೂ ಬಿಟ್ಟೆನಲ್ಲ ನಾಗರತ್ನಾ.”

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇಷ್ಟು ವರ್ಷದ ಅಳು ಹಾಡಹಗಲಿನಲ್ಲಿ, ಅಷ್ಟು ಜನರ ನಡುವೆ ಹೊರಬಂತು. ಅವನೂ ಅಳುತ್ತಿದ್ದ.

“ಮಣ್ಣು ಎಲ್ಲಿ ಮಾಡೀರಿ?” ಎಂದ ಕಣ್ಣೊರೆಸಿಕೊಂಡು.

“ನಮ್ಮ ಹೊಲದಾಗ.”

“ನಡಿ. ಮೊದಲ ಅವರ ಮುಂದ ಕುಂದ್ರತೀನಿ.”

ಶಹಾಬಾದಿಗೆ ಹೊರಟ ಪ್ಯಾಸೆಂಜರ್ ಗಾಡಿಯಲ್ಲಿ ಇಬ್ಬರೂ ಎದುರುಬದುರು ಕುಳಿತರು. ಅವಳು ಅವನ ಭುಜವನ್ನೇ ನೋಡುತ್ತಿದ್ದಳು. ಭಾರ ಹೊತ್ತು ಒಂದು ಕಡೆ ಜಗ್ಗಿತ್ತು.

“ನನ್ನ ಮ್ಯಾಲ ಸಿಟ್ಟದ ಏನ್ರಿ?”

“ಅದ. ಭಾಳ ಅದ.”

“ಸಿಟ್ಟು ಹೋಗೂದಿಲ್ಲೇನ್ರಿ?”

“ಗೊತ್ತಿಲ್ಲ.” ಅವನು ಅರಿವೆಯ ಗಂಟು ಬಿಚ್ಚಿ ರೊಟ್ಟಿಯನ್ನು ಅವಳ ಮುಂದೆ ಹಿಡಿದ. “ಎಷ್ಟು ದಿನ ಆತು ಉಂಡು? ತಗೋ... ಮೊದಲ ನೀ ಉಣ್ಣು.”