ಅವನಿಗೆ ಉಳಿದ ಒಂದೇ ಮಾತು

"ಬೇಡ."

ಅವಳು ವಾರ್ಡಿನೊಳಗೆ ಬಂದು ಮಂಚದ ಪಕ್ಕ ನಿಂತಿದ್ದಳಷ್ಟೆ. ಅವನು ಅವಳ ಮುಖ ನೋಡಿದ. ತುಟಿ ಒಂದು ಕಡೆಗೆ ವಾಲಿತು.

"ಬೇಡ... ಬೇಡ."

ಆ ಮಾತು ಅವಳದೇ. ಕೆಲವು ದಿನಗಳ ಹಿಂದೆ, ಅಂಗಡಿ ಮುಚ್ಚುವ ಹೊತ್ತಿಗೆ, ಅವಳೇ ಅವನಿಗೆ ಕೊಟ್ಟದ್ದು.

ಇಬ್ಬರೂ ಒಂದೇ ಬಟ್ಟೆ ಅಂಗಡಿಯವರು. ಅವನು ಮುಂದೆ ಕೌಂಟರಿನಲ್ಲಿ ಥಾನು ಬಿಚ್ಚಿ ಮಾರುವವನು, ಅವಳು ಹಿಂದೆ ಹೊಲಿಗೆ ಯಂತ್ರದವಳು. ಗಿರಾಕಿಗಳ ಬಾಯಲ್ಲಿ ಅವನು ಮಾತಿನಮಲ್ಲ, ಅವಳು ಟೈಲರಮ್ಮ. ಎದ್ದು ಹೊರಟವರನ್ನೂ "ತೊಗೊಳ್ಳೋದು ಬೇಡ, ಒಂದ್ಸಲ ಮುಟ್ಟಿ ನೋಡಿ ಅಕ್ಕಾ" ಎಂದು ಮತ್ತೆ ಕೂರಿಸುವ ಬಾಯಿ ಅವನದು.

ಆ ಬಾಯಿಯೇ ಅಂದು ತಡವರಿಸಿತ್ತು. "ಸುತ್ತಿ ಬಳಸಿ ಹೇಳೋಕೆ ಬರ್ತಿಲ್ಲ. ನನ್ನ ಮದುವೆ ಆಗ್ತೀಯಾ?"

ಅವಳು ತಲೆ ಎತ್ತದೆ ದಾರ ಕತ್ತರಿಸಿದ್ದಳು. "ಬೇಡ."

ಇಷ್ಟವಿಲ್ಲವೆಂದಲ್ಲ. ಗಂಡ ತೀರಿಹೋದ ಮೇಲೆ ಅವಳು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದಳು. ಯಾರನ್ನೂ ಹಚ್ಚಿಕೊಳ್ಳದಿದ್ದರೆ ಯಾರನ್ನೂ ಕಳೆದುಕೊಳ್ಳಬೇಕಾಗಿಲ್ಲ. ಅವನಿಗೆ ಬಲಗಡೆ ಲಕ್ವ ಹೊಡೆದಿದೆ ಎಂಬ ಸುದ್ದಿ ಬಂದ ದಿನ, ಹಚ್ಚಿಕೊಂಡು ಎಷ್ಟೋ ಕಾಲವಾಗಿದೆ ಎಂದು ತಿಳಿಯಿತು. ಮನಸ್ಸು ನಮ್ಮ ಅಪ್ಪಣೆ ಕೇಳುತ್ತದೆಯೇ?

'ಕೊಡಲಿ... ನನ್ನ ಮಾತನ್ನು ನನಗೇ ತಿರುಗಿಸಿ ಕೊಡಲಿ.'

ಎತ್ತಲಾಗದ ಕೈಗೆ ಸುಲಭವಾಗಲೆಂದು ತೋಳುದ್ದಕ್ಕೂ ಗುಂಡಿ ಇಟ್ಟು ಹೊಲಿದು ತಂದಿದ್ದ ಅಂಗಿಯನ್ನು ಅವನ ಪಕ್ಕದಲ್ಲಿಟ್ಟು ಹೊರಬಂದಳು.

ಮೆಟ್ಟಿಲ ಬಳಿ ಅವನ ಅಕ್ಕ ಓಡಿಬಂದು ತೋಳು ಹಿಡಿದಳು.

"ಬಂದ ಕಾಲಲ್ಲೇ ಎಲ್ಲಿಗಮ್ಮ ಹೊರಟೆ?"

"ನಾನು ಬೇಡ ಅಂತಿದ್ದಾರಲ್ಲ ಅಕ್ಕ."

"ಅಯ್ಯೋ ಹುಚ್ಚಿ, ಅವನ ಬಾಯಲ್ಲಿ ಉಳಿದಿರೋದೇ ಅದೊಂದು ಮಾತು. ನೀರು ಕೊಟ್ರೆ ಬೇಡ ಅಂತಾನೆ, ಗಟಗಟ ಕುಡೀತಾನೆ. ಡಾಕ್ಟರ್ ಬಂದ್ರೆ ನಮಸ್ಕಾರದ ಬದಲು ಬೇಡ ಅಂತಾನೆ." ನಗಲು ಹೋದ ಅಕ್ಕನ ದನಿ ಒಡೆಯಿತು. "ಊರು ಮಾರೋ ಬಾಯಿ ಕಣೇ ಅದು..."

"ಬೇರೆ ಮಾತು ಬರುತ್ತಾ?"

"ಬಂದ್ರೂ ಬರಬಹುದು ಅಂತಾರೆ. ಬರ್ದೇನೂ ಇರಬಹುದು ಅಂತಾರೆ. ನಾನಿನ್ಯಾರನ್ನ ಕೇಳ್ಲಿ?"

ಅವಳು ಹಿಂತಿರುಗಿದಾಗ ಅಂಗಿ ಅವನ ಎದೆಯ ಮೇಲಿತ್ತು. ಎಡಗೈ ಬೆರಳುಗಳ ನಡುವೆ ಬಟ್ಟೆಯನ್ನು ಉಜ್ಜಿ ನೋಡುತ್ತಿದ್ದ, ಕೌಂಟರಿನಲ್ಲಿ ನೋಡುವ ಹಾಗೆಯೇ.

ಅವಳು ಸ್ಟೂಲು ಎಳೆದುಕೊಂಡು ಕುಳಿತಳು. "ನಾನು ಬೇಕಾ ನಿಮಗೆ?"

"ಬೇ..." ಅವನ ಹಣೆಯ ನರ ಉಬ್ಬಿತು. "ಬೇ... ಬೇ..."

ಮುಂದಿನ ಅಕ್ಷರಕ್ಕೆ ಅವಳ ತುಟಿಯೂ ತನಗರಿವಿಲ್ಲದೆ ಮುಂದಾಯಿತು.

"ಬೇ...ಡ."

ತಾನು ಅಂದದ್ದು ಅವನ ಕಿವಿಗೇ ಬಿತ್ತು. ಅಲ್ಲ ಅಲ್ಲವೆಂದು ತಲೆಯಾಡಿಸಿದ. ಕಣ್ಣೀರು ಕಿವಿಯ ಕಡೆಗೆ ಇಳಿಯಿತು. ಒರೆಸಿಕೊಳ್ಳಲು ಅವನು ಎತ್ತಹೊರಟದ್ದು ಏಳದ ಬಲಗೈಯನ್ನೇ...

ಅವಳೇ ಒರೆಸಿದಳು. ಒರೆಸುವುದರ ಹೊರತು ಅವಳ ಕೈಯಲ್ಲಿ ಏನಿತ್ತು? ಅವನ ಬಾಯಿಗೆ ಒಂದು ಅಕ್ಷರ ತಂದುಕೊಡಲು ಅವಳಿಂದಾಗದು.

ಬಟ್ಟೆ ಸಾಲದೆ ಬಂದಾಗ ಅವಳು ಗಿರಾಕಿಯನ್ನು ವಾಪಸು ಕಳಿಸಿದವಳಲ್ಲ. ಇದ್ದಷ್ಟರಲ್ಲೇ ಹೊಂದಿಸಿ ಕತ್ತರಿಸುತ್ತಿದ್ದಳು.

"ಸರಿ, ಬೇರೆ ಥರ ಕೇಳ್ತೀನಿ. ನಾನು ಹೊರಟುಹೋಗ್ಲಾ?"

ಅವನು ಅವಳನ್ನೇ ದಿಟ್ಟಿಸಿದ. ನಿಧಾನವಾಗಿ ಅರ್ಥವಾಯಿತು. ತುಟಿಯ ನೆಟ್ಟಗಿದ್ದ ಅರ್ಧ ಮೇಲಕ್ಕೆದ್ದಿತು.

"ಬೇಡ."

"ನಾಳೆಯಿಂದ ಬರೋದು ನಿಲ್ಲಿಸ್ಲಾ?"

"ಬೇಡ."

ಎಡಗೈ ಅಂಗಿಯನ್ನು ಬಿಟ್ಟು ಅವಳ ಬೆರಳು ಹುಡುಕಿ ಹಿಡಿಯಿತು.

"ಅವತ್ತು ಅಂಗಡೀಲಿ ನಾನು ಹೇಳಿದ್ದನ್ನ... ಹಾಗೇ ಇಟ್ಕೊಳ್ಳೋಣ್ವಾ?"

"ಬೇಡ," ಎಂದ ಅವನು.