ಮೂಲೆ ಮೇಜಿನ ಮೌನಿ

"ಏನ್ ಮೌನಿ... ಮತ್ತೆ ಬಂದ್ಯಾ?"

ಕೇಳಿದವಳು ಹೋಟೆಲಿನ ಒಡತಿ. ಕೇಳಿದ್ದು ಇವಳ ಗಂಡನನ್ನು.

ಇವಳ ಕೈಯಲ್ಲಿದ್ದ ನೀರಿನ ಲೋಟ ತುಟಿಯ ಹತ್ತಿರವೇ ನಿಂತುಬಿಟ್ಟಿತು.

ಮತ್ತೆ? ಮೂರು ವಾರದ ಹಿಂದೆ ಈ ದ್ವೀಪದ ಚಿತ್ರ ತೋರಿಸಿ, "ನಾನೂ ನೋಡಿಲ್ಲ ಕಣೇ, ಇಬ್ರೂ ಒಟ್ಟಿಗೇ ನೋಡೋಣ" ಅಂದವನು ಇವನೇ ಅಲ್ಲವೇ? ಅದೂ ಮೌನಿಯಂತೆ! ಇವನು ಲಿಫ್ಟ್ ಮೆಕ್ಯಾನಿಕ್. ಮಹಡಿಗಳ ನಡುವೆ ಸಿಕ್ಕಿಬಿದ್ದವರನ್ನು ಬಾಗಿಲ ಆಚೆಯಿಂದಲೇ ನಗಿಸುತ್ತ ಹೊರಗೆ ತರುವವನು. ಮನೆಯಲ್ಲೂ ಬಾಯಿಗೆ ಬಿಡುವಿಲ್ಲ.

ಆದರೆ ಈಗ ಒಂದೇ ಮಾತು. "ಚೆನ್ನಾಗಿದ್ದೀರಾ?" ಎಂದವನು ತಲೆ ತಗ್ಗಿಸಿದ.

ಒಡತಿಗೆ ಮೂವತ್ತೈದು ಇರಬಹುದು. ಎತ್ತರದ ಹೆಂಗಸು, ಬಿಸಿಲಿಗೆ ಮಾಗಿದ ಮೈಬಣ್ಣ, ನಕ್ಕರೆ ಇಡೀ ಮುಖ ನಗುತ್ತಿತ್ತು. ಹುರಿದ ಮೀನಿನ ತಟ್ಟೆ ತಂದು ಅವನ ಮುಂದಿಟ್ಟಳು. "ಖಾರ ಕಮ್ಮಿ ಹಾಕಿದ್ದೀನಿ. ನಿನಗೆ ಆಗಲ್ವಲ್ಲ."

ಐದು ವರ್ಷ ಸಂಸಾರ ಮಾಡಿದವಳು ಇಲ್ಲೇ ಕೂತಿದ್ದಾಳೆ. ಖಾರದ ಲೆಕ್ಕ ಒಡತಿಗೆ ಗೊತ್ತು!

"ಯಾರು ಅದು?" ಹೊರಗೆ ಬಂದ ಮೇಲೆ ಕೇಳಿದಳು.

"ಹೋಟೆಲ್ ನಡೆಸ್ತಾರೆ."

"ಅದು ನನಗೂ ಕಾಣ್ಸುತ್ತೆ."

"ಹಿಂದೆ ಒಂದ್ಸಲ ಬಂದಿದ್ದೆ... ಆಮೇಲೆ ಹೇಳ್ತೀನಿ."

ಆ 'ಆಮೇಲೆ' ದಿನವಿಡೀ ಬರಲೇ ಇಲ್ಲ.

ಸಂಜೆಗೆ ಮುಂಚೆ ದ್ವೀಪದ ಆಚೆ ಬದಿಯ ತೀರಕ್ಕೆ ಹೋದರು. ನಕ್ಷೆಯಲ್ಲಿಲ್ಲದ ದಾರಿ. ಪೊದೆ ಸರಿಸಿ, ಬಂಡೆ ಇಳಿದು, ಎಲ್ಲಿ ಕಾಲು ಜಾರುತ್ತದೆಂದು ಗೊತ್ತಿದ್ದವನಂತೆ ಅವನು ಮುಂದೆ ನಡೆದ. ಕೊನೆಗೊಂದು ಪುಟ್ಟ ಕೊಲ್ಲಿ. ಬಿಳಿ ಮರಳು, ತಿಳಿ ಹಸಿರು ನೀರು, ನರಪಿಳ್ಳೆ ಇಲ್ಲ.

ಎಷ್ಟು ಚೆಂದ ಎಂದುಕೊಳ್ಳಬೇಕಿತ್ತು ಇವಳು. ಅಂದುಕೊಂಡದ್ದೇ ಬೇರೆ... ಇಲ್ಲಿಗೆ ಅವಳ ಜೊತೆ ಬಂದಿದ್ದನೇ? ಇದೇ ಬಂಡೆಯ ಮೇಲೆ ಕೂತಿದ್ದರೇ?

ಹೋದ ವರ್ಷ ಇವಳು ತವರಿನಲ್ಲಿ ಹಾಸಿಗೆ ಹಿಡಿದಿದ್ದಾಗ, "ಕೆಲಸದ ಟ್ರೇನಿಂಗ್" ಎಂದು ಒಂಬತ್ತು ದಿನ ಹೋಗಿದ್ದ. ಏಳು ತಿಂಗಳ ಮಗು ಹೊಟ್ಟೆಯಲ್ಲೇ ತೀರಿಕೊಂಡು ಆಗಷ್ಟೇ ಎರಡು ತಿಂಗಳಾಗಿತ್ತು. ಅವನು ಮಾತ್ರ ಜೋಕು ಹೇಳುತ್ತಲೇ ಇದ್ದ. ಒಂದು ಹನಿ ಕಣ್ಣೀರು ಹಾಕಿದ್ದನ್ನು ಇವಳು ಕಾಣಲಿಲ್ಲ. ಕಲ್ಲೆದೆಯವನು ಎಂದು ಅಂದೇ ಮನಸ್ಸು ಮುರಿದುಕೊಂಡಿದ್ದಳು.

ಆ ಒಂಬತ್ತು ದಿನ... ಇಲ್ಲಿ?

ಮರುದಿನ ಬೆಳಿಗ್ಗೆ ಅವನು ಈಜಲು ಹೋದದ್ದೇ ತಡ, ಇವಳು ಹೋಟೆಲಿನ ಹಿಂಬಾಗಿಲಿಗೆ ಬಂದಳು. ಒಡತಿ ಮೀನಿನ ಹುರುಪೆ ಕೆರೆಯುತ್ತಿದ್ದಳು.

"ಅವರು ನಿಮ್ಮ ಜೊತೆ ಎಷ್ಟು ದಿನ ಇದ್ರು?" ತಾನು ಕೆಲಸ ಮಾಡುವ ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ನಿದ್ದೆ ಮಾತ್ರೆ ಕೇಳುವವರಿಗೆ ಉತ್ತರಿಸುವ ಅದೇ ಗಟ್ಟಿ ದನಿಯಲ್ಲಿ ಕೇಳಿದಳು.

ಒಡತಿ ಚಾಕು ಕೆಳಗಿಟ್ಟಳು. "ಒಂಬತ್ತು ದಿನ. ನನ್ನ ಜೊತೆ ಅಲ್ಲ ತಾಯಿ, ಆ ಮೂಲೆ ಮೇಜಿನ ಜೊತೆ."

"ಅಂದ್ರೆ?"

"ತಟ್ಟೆ ಮುಂದೆ ಕೂತು ಅಳೋನು. ಖಾರ ಜಾಸ್ತಿ ಆಯ್ತೇನೋ ಅಂತ ನಾನು ದಿನಾ ಕಮ್ಮಿ ಮಾಡ್ತಾ ಬಂದೆ. ಆದ್ರೂ ಅಳು ನಿಲ್ಲಲಿಲ್ಲ. ನಾಲ್ಕನೇ ದಿನ ಕೇಳ್ದೆ. 'ಮಗಳು' ಅಂದ. ಅಷ್ಟೇ. ಆಮೇಲೆ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ." ಆಕೆ ಇವಳ ಮುಖ ನೋಡಿ ದನಿ ತಗ್ಗಿಸಿದಳು. "ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ."

ಅನುಮಾನವೇನೋ ಬಿಸಿಲಿಗೆ ಮಂಜಿನಂತೆ ಕರಗಿತು. ಅಸೂಯೆ ಕರಗಲಿಲ್ಲ. ಮೊದಲಿಗಿಂತ ಆಳಕ್ಕೆ ಇಳಿಯಿತು.

ಅವನು ಕೊಲ್ಲಿಯ ದಡದಲ್ಲಿ ಒದ್ದೆ ಮೈಯಲ್ಲೇ ಕೂತಿದ್ದ. ಇವಳು ಹೋಗಿ ಎದುರಿಗೆ ನಿಂತಳು.

"ಅವರು ಎಲ್ಲಾ ಹೇಳಿದ್ರು."

ಅವನು ಅಲೆ ನೋಡುತ್ತಲೇ ಹೇಳಿದ. "ನೀನು ಗೋಡೆ ಕಡೆ ತಿರುಗಿ ಮಲಗಿರ್ತಿದ್ದೆ. ನಮ್ಮಮ್ಮ ನನಗೆ ಅಂದ್ರು, 'ನೀನೂ ಕುಗ್ಗಿದ್ರೆ ಅವಳು ಉಳಿಯಲ್ಲ' ಅಂತ. ನಗಿಸೋಣ ಅಂದ್ಕೊಂಡೆ. ಆಮೇಲೆ ನನ್ನ ಕೈಲೇ ಆಗಲಿಲ್ಲ... ಸುಳ್ಳು ಹೇಳಿ ಇಲ್ಲಿಗೆ ಓಡಿ ಬಂದೆ."

"ಈಗ ನನ್ನ ಯಾಕೆ ಕರ್ಕೊಂಡು ಬಂದ್ರಿ?"

"ಇಲ್ಲಿ ಕೂತು ಎಲ್ಲಾ ಹೇಳ್ಬೇಕು ಅಂತ. ದೋಣಿ ಇಳಿದ ಕೂಡ್ಲೇ ಧೈರ್ಯ ಹೋಯ್ತು."

"ನನಗೆ ಇನ್ನೂ ಹೊಟ್ಟೆ ಉರೀತಿದೆ."

ಅವನು ಬೆಚ್ಚಿ ತಲೆಯೆತ್ತಿದ. "ನನಗೂ ಅವರಿಗೂ ಏನೂ..."

"ಗೊತ್ತು ರೀ. ಏನಾದ್ರೂ ಇದ್ದಿದ್ರೆ ಜಗಳ ಆಡಿ ಎದ್ದು ಹೋಗ್ತಿದ್ದೆ." ಇವಳ ದನಿ ಒಡೆಯಿತು. "ನಮ್ಮ ಮಗಳಿಗೋಸ್ಕರ ನೀವು ಅತ್ತಿದ್ದನ್ನ ಅವರು ನೋಡಿದ್ದಾರೆ. ನಾನು ನೋಡಿಲ್ಲ. ಅದು ನನ್ನ ಪಾಲಿಂದು. ಬೇರೆಯವರಿಗೆ ಹೇಗೆ ಕೊಟ್ರಿ?"

ಅವನು ಮುಖ ಆಚೆ ತಿರುಗಿಸಿಕೊಂಡ.

"ಇಲ್ಲಿ ನೋಡಿ."

"ಬೇಡ ಕಣೇ... ನಿನ್ನ ಮುಂದೇನೇ ಕಷ್ಟ."

ಇವಳು ಮರಳಿನಲ್ಲಿ ಮಂಡಿಯೂರಿ ಅವನ ಗಲ್ಲ ಹಿಡಿದು ತನ್ನತ್ತ ತಿರುಗಿಸಿದಳು. ಆಗ ಅವನ ಭುಜ ಕುಸಿಯಿತು. ದೊಡ್ಡ ಗಂಡಸು ಸದ್ದು ಮಾಡಿ ಅತ್ತ. ಇವಳು ಅವನನ್ನು ಎದೆಗೊತ್ತಿಕೊಂಡಳು. ಒಂದು ವರ್ಷದಿಂದ ಒಬ್ಬಳೇ ಹೊತ್ತಿದ್ದೆ ಎಂದುಕೊಂಡಿದ್ದ ಭಾರಕ್ಕೆ ಇನ್ನೊಂದು ಹೆಗಲು ಆಗಲೂ ಇತ್ತು ಎಂಬುದು ಇವಳಿಗೆ ಈಗ ತಿಳಿಯಿತು.

ಬಿಸಿಲು ಏರಿತು. ಇಬ್ಬರೂ ಬಂಡೆಯ ನೆರಳಿಗೆ ಸರಿದರು. ಇಷ್ಟು ದಿನ ಕೇಳಲು ಹೆದರಿದ್ದನ್ನು ಇವಳು ಮೆಲ್ಲಗೆ ಕೇಳಿದಳು. ಆಪರೇಷನ್ ಆದ ಆ ದಿನ ಇವಳಿಗೆ ಎಚ್ಚರವಿರಲಿಲ್ಲ. ಮಗುವನ್ನು ಕೈಗೆತ್ತಿಕೊಂಡವನು ಅವನೊಬ್ಬನೇ.

"ಯಾರ ಥರ ಇದ್ಲು?"

ಅವನು ಕಣ್ಣೊರೆಸಿಕೊಂಡ. "ಮೂಗು ನಿಂದು. ಹುಬ್ಬು ನಮ್ಮಮ್ಮಂದು."

"ಕೂದಲು?"

"ಅಯ್ಯೋ, ತಲೆ ತುಂಬಾ ಇತ್ತು ಕಣೇ. ನಾಲ್ಕು ದಿನಕ್ಕೇ ಜಡೆ ಹಾಕಬಹುದಿತ್ತು."

ಇವಳು ನಕ್ಕಳು, ಅತ್ತಳು, ಅವನ ಹೆಗಲಿಗೆ ತಲೆಯಿಟ್ಟಳು.

"ಇನ್ನೂ ಹೇಳಿ."